ಏರಿಳಿದ ಮೊಟ್ಟೆಗೂಡು

ಕುರಿಸಾವಾದಲ್ಲಿ ಬರುವ ಚಳಿಗಾಲಕ್ಕೆ ಹಿಮ ಎಷ್ಟು ಬೀಳುತ್ತದೆ ಎಂದು ಹೇಳುವ ಅಧಿಕಾರ ಇಬ್ಬರಿಗಿತ್ತು. ಒಬ್ಬ, ಟೆಲಿವಿಷನ್ನಿನಲ್ಲಿ ಕಡ್ಡಿ ಹಿಡಿದು ನಕಾಶೆಯ ಮುಂದೆ ನಿಲ್ಲುವ ಮನುಷ್ಯ. ಇನ್ನೊಬ್ಬ, ನಮ್ಮ ಕಿಹಾಚಿ. ಟೆಲಿವಿಷನ್ನಿನವನು ಪ್ರತಿವರ್ಷವೂ ವಾಡಿಕೆಯಷ್ಟು, ಕೆಲವೆಡೆ ಹೆಚ್ಚು, ಕೆಲವೆಡೆ ಕಡಿಮೆ ಎಂದು ಹೇಳಿ ನಯವಾಗಿ ಜಾರಿಕೊಳ್ಳುತ್ತಿದ್ದ. ಅವನನ್ನು ನಂಬಿಕೊಂಡು, ಹಿಮದ ಭಾರಕ್ಕೆ ಒಡೆಯದಂತೆ ಕಿಟಕಿಗಳಿಗೆ ಹಲಗೆ ಎಲ್ಲಿಯವರೆಗೆ ಹೊಡೆಯುವುದು, ಚಳಿಗಾಲದ ಊಟಕ್ಕೆಂದು ಮೂಲಂಗಿ ಎಷ್ಟು ಹೂಳುವುದು? ಆದ್ದರಿಂದ ಊರಿಗೆ ಊರೇ ನವೆಂಬರಿನ ಮೊದಲ ಭಾನುವಾರ ಕಿಹಾಚಿಯ ಹಿತ್ತಲಿಗೆ ಬರುತ್ತಿತ್ತು.

ಹಿತ್ತಲಲ್ಲಿ ಒಂದು ಹಿಪ್ಪುನೇರಳೆ ಮರ. ಪ್ರತಿ ಶರತ್ಕಾಲದಲ್ಲೂ ಒಂದು ಸೂರ್ಯನ ಕುದುರೆ, ಅದೇ ಆ ಕೈಮುಗಿದುಕೊಂಡು ನಿಲ್ಲುವ ಹಸಿರು ಹುಳು, ಆ ಮರದ ಕೊಂಬೆಯೊಂದಕ್ಕೆ ಒಣ ನೊರೆಯಂಥ ಮೊಟ್ಟೆಗೂಡು ಅಂಟಿಸಿ ಹೋಗುತ್ತಿತ್ತು. ಹಿಮ ಎಲ್ಲಿಯವರೆಗೆ ಏರುತ್ತದೋ ಅದಕ್ಕಿಂತ ಗೇಣು ಮೇಲೆ ಅದು ಮೊಟ್ಟೆಯಿಡುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಊರಿನ ಬೇಲಿಗಳಲ್ಲಿ ಬೇರೆ ಗೂಡುಗಳೂ ಇರುತ್ತಿದ್ದವು, ಒಂದು ಮೊಣಕಾಲೆತ್ತರದಲ್ಲಿ, ಇನ್ನೊಂದು ತಲೆಯೆತ್ತರದಲ್ಲಿ. ಅವುಗಳ ಮಾತು ಕೇಳಿ ಹಿಂದೊಮ್ಮೆ ಊರು ಎರಡು ಪಾರ್ಟಿಯಾಗಿ ಕೈ ಕೈ ಮಿಲಾಯಿಸಿತ್ತಂತೆ. ಅಂದಿನಿಂದ ಕಿಹಾಚಿಯ ಮನೆಯ ಮರದ ಗೂಡೊಂದೇ ಲೆಕ್ಕಕ್ಕೆ, ಮಿಕ್ಕವು ಬರೀ ಹುಳುಗಳು ಎಂದು ತೀರ್ಮಾನವಾಯಿತು. ಕಿಹಾಚಿಯ ಅಜ್ಜ ಅಳೆದ, ಅಪ್ಪ ಅಳೆದ, ಈಗ ಕಿಹಾಚಿ ಬಿದಿರು ಕೋಲು ಹಿಡಿದು ಅಳೆಯುತ್ತಿದ್ದ.

ಅವನ ನಿಜವಾದ ಕಸುಬು ಮಾಡಿಗೆ ಹುಲ್ಲು ಹೊದಿಸುವುದು. ಊರಿನ ಮಾಡುಗಳೆಲ್ಲ ಒಂದೊಂದಾಗಿ ತಗಡಾದ ಮೇಲೆ ಆ ಕಸುಬು ಮೂಲೆ ಸೇರಿತು. ಉಳಿದದ್ದು ಈ ಒಂದು ಭಾನುವಾರದ ಮರ್ಯಾದೆ. ಅಂದು ಅವನು ಗಡ್ಡ ಬೋಳಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು, ಹುಳುವಿನ ಸ್ವಂತ ಮಾವನ ಹಾಗೆ ಗಂಭೀರವಾಗಿ ನಿಲ್ಲುತ್ತಿದ್ದ. ಅವನ ಮಾತು ಎಷ್ಟೋ ಸಲ ಸುಳ್ಳಾಗಿದೆ. ಆದರೆ ಸುಳ್ಳಾದ ವರ್ಷ ಜನ ಹುಳುವನ್ನು ಬೈಯುತ್ತಿದ್ದರು, ನಿಜವಾದ ವರ್ಷ ಕಿಹಾಚಿಯನ್ನು ಹೊಗಳುತ್ತಿದ್ದರು. ಇಂಥ ಉದ್ಯೋಗ ಯಾರಿಗೆ ಸಿಗುತ್ತದೆ ಹೇಳಿ.

ಆ ವರ್ಷ ಅಕ್ಟೋಬರಿನಲ್ಲಿ ನಾಗಾವೊಕ ಪೇಟೆಯಿಂದ ಅಳಿಯ ಫೋನು ಮಾಡಿದ. ಒಬ್ಬಳೇ ಮಗಳು ಸಾಯೊ ಬಸುರಿ, ಫೆಬ್ರವರಿಗೆ ಹೆರಿಗೆ. ಚೊಚ್ಚಲು ತವರಿನಲ್ಲಾಗುವುದು ಪದ್ಧತಿ, ಅವಳಿಗೂ ಬರಬೇಕೆಂದು ಆಸೆ. ಅಳಿಯ ಒಳ್ಳೆಯವನೇ, ಆದರೆ ಭಯಸ್ಥ. ಹಿಮ ಹೆಚ್ಚು ಬೀಳುವ ಹಾಗಿದ್ದರೆ ಕುರಿಸಾವಾದ ರಸ್ತೆ ಮುಚ್ಚಿಹೋಗುತ್ತದೆ, ಆಗ ಅವಳು ಇಲ್ಲೇ ಆಸ್ಪತ್ರೆಯ ಹತ್ತಿರ ಇರಲಿ, ನಮ್ಮಮ್ಮ ನೋಡಿಕೊಳ್ಳುತ್ತಾಳೆ ಎಂದ. ಕಡೆಗೆ ಕೇಳಿದ, "ಮಾವ, ನಿಮ್ಮ ಹುಳು ಏನು ಹೇಳತ್ತೆ?"

ನೋಡಿ ಹೇಳುತ್ತೇನೆ ಎಂದು ಕಿಹಾಚಿ ಫೋನಿಟ್ಟ. ನಮ್ಮಮ್ಮ ನೋಡಿಕೊಳ್ಳುತ್ತಾಳೆ ಎಂಬ ಮಾತು ಅವನ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಹೊದಿಸಲು ಮಾಡುಗಳಿಲ್ಲದೆ ಸುಮ್ಮನಿದ್ದ ಕೈಗಳಿಂದ ಅವನು ಆಗಲೇ ಮೊಮ್ಮಗುವಿಗೆಂದು ಹುಲ್ಲಿನ ಬುಟ್ಟಿ ಹೆಣೆಯತೊಡಗಿದ್ದ. ನಮ್ಮಲ್ಲಿ ಕೂಸನ್ನು ಬಟ್ಟೆ ಸುತ್ತಿ ಕೂರಿಸುವ ದಪ್ಪ ಬುಟ್ಟಿ ಅದು. ಅದರಲ್ಲಿ ಕೂತ ಮುಖ ಹೇಗಿರುತ್ತದೆ ಎಂದು ನೆನೆದು ಕೊಟ್ಟಿಗೆಯಲ್ಲಿ ಒಬ್ಬನೇ ನಗುತ್ತಿದ್ದ. ಅವನಿಗೆ ಆ ಮಗು ಈ ಮನೆಯಲ್ಲೇ ಹುಟ್ಟಬೇಕಿತ್ತು, ಮೊದಲು ತನ್ನ ಕೈಗೇ ಬರಬೇಕಿತ್ತು.

ಮರುದಿನ ಮರ ನೋಡಲು ಹೋದ. ಗೂಡು ಸೂರಿನ ಎತ್ತರದಲ್ಲಿತ್ತು. ಅಷ್ಟು ಎತ್ತರದಲ್ಲಿ ಅವನ ಅಜ್ಜನೂ ನೋಡಿರಲಿಕ್ಕಿಲ್ಲ.

ಹೆಂಡತಿ ತ್ಸುನೆ ಹೊಲಕ್ಕೆ ಮೂಲಂಗಿ ಕೀಳಲು ಹೋಗುವುದನ್ನೇ ಕಾದು, ಏಣಿ ತಂದು, ಕತ್ತರಿ ಹಿಡಿದು ಮರ ಹತ್ತಿದ. ಆ ಕೊಂಬೆ ಕತ್ತರಿಸಿ ಎದೆಯೆತ್ತರದಲ್ಲಿ ಕಟ್ಟಿಬಿಡುವುದು, ಅಷ್ಟೇ ಕೆಲಸ. ಮೇಲೆ ಹೋಗಿ ನೋಡುತ್ತಾನೆ, ಗೂಡಿದ್ದ ಕೊಂಬೆ ಮರದಿಂದ ಬೆಳೆದದ್ದೇ ಅಲ್ಲ. ಯಾರೋ ಹುಲ್ಲಿನ ಹುರಿಯಿಂದ ಬಿಗಿದಿದ್ದಾರೆ. ಹುರಿಗೆ ಹಾಕಿದ್ದದ್ದು ಮೂಲಂಗಿ ಗಂಟು, ಒಣಗಿಸಲು ಸೂರಿಗೆ ಸಾಲಾಗಿ ನೇತುಹಾಕುವಾಗ ಹಾಕುವುದು. ಆ ಗಂಟನ್ನು ಎಡಗಡೆಗೆ ತಿರುವುವವರು ಊರಲ್ಲಿ ಒಬ್ಬರೇ. ಮೂವತ್ತು ವರ್ಷದಿಂದ ಅವನು ಅಂಥ ಗಂಟಿನ ಕೆಳಗೇ ಕೂತು ಊಟ ಮಾಡಿದ್ದ.

ಕಿಹಾಚಿಯ ಪಿತ್ತ ನೆತ್ತಿಗೇರಿತು. ತನ್ನ ಮನೆಯಲ್ಲೇ ಇಂಥ ಮೋಸವೇ! ಊರವರು ನಂಬಿಕೊಂಡ ಗೂಡನ್ನು ಮುಟ್ಟುವಷ್ಟು ಧೈರ್ಯ ಈ ಹೆಂಗಸಿಗೆ ಎಲ್ಲಿಂದ ಬಂತು? ಹೀಗೆ ಏಣಿಯ ತುದಿಯಲ್ಲಿ, ಕೈಯಲ್ಲಿ ಕತ್ತರಿ ಹಿಡಿದುಕೊಂಡು, ಅವನು ಬಹಳ ಹೊತ್ತು ನ್ಯಾಯ ನೀತಿಯ ಬಗ್ಗೆ ನೊಂದುಕೊಂಡ. ಆಮೇಲೆ ಹುರಿ ಕತ್ತರಿಸಿ, ಗೂಡನ್ನು ಕೆಳಗೆ ತಂದು, ತನ್ನ ಕಸುಬಿನ ಗಂಟು ಹಾಕಿ ಎದೆಯೆತ್ತರದಲ್ಲಿ ಕಟ್ಟಿದ. ಹುಳು ನಿಜವಾಗಿ ಎಲ್ಲಿಟ್ಟಿತ್ತೋ ಯಾರಿಗೆ ಗೊತ್ತು. ಬಹುಶಃ ಇಲ್ಲೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡ.

ಹೆಂಡತಿಯನ್ನು ಕೇಳುವ ಹಾಗಿರಲಿಲ್ಲ. ಕೇಳಿದರೆ, ನೀವು ಏಣಿ ಹತ್ತಿದ್ದು ಯಾಕೆ ಎನ್ನುತ್ತಾಳೆ. ತ್ಸುನೆಗೂ ಅದೇ ಕಷ್ಟ. ಮರುದಿನ ಸಂಜೆ ಅವಳು ಸೌದೆ ತರುವ ನೆಪದಲ್ಲಿ ಹಿತ್ತಲಿಗೆ ಹೋಗಿ ಬಂದು, ಸಾರಿನ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದಳು. ಬೆಳಗಾಗುವಷ್ಟರಲ್ಲಿ ಗೂಡು ಮತ್ತೆ ಸೂರಿನ ಎತ್ತರದಲ್ಲಿತ್ತು.

ಹೀಗೆ ಅಕ್ಟೋಬರಿಡೀ ಆ ಬಡ ಗೂಡು ಮರ ಹತ್ತಿತು, ಇಳಿಯಿತು. ಗಂಡ ಸ್ನಾನಕ್ಕೆ ಹೋದರೆ ಮೇಲೆ, ಹೆಂಡತಿ ಅಂಗಡಿಗೆ ಹೋದರೆ ಕೆಳಗೆ. ಒಳಗೆ ಇಬ್ಬರೂ ಒಂದೇ ಬಟ್ಟಲಿನಿಂದ ಉಪ್ಪಿನಕಾಯಿ ತೆಗೆದುಕೊಂಡು, ಈ ವರ್ಷ ಅಕ್ಕಿ ಹೇಗಿದೆ, ಗೆಳೆಯ ಗೊಂಜೊನ ಬೆನ್ನು ನೋವು ಹೇಗಿದೆ ಎಂದು ಬಹಳ ವಿಶ್ವಾಸದಿಂದ ಮಾತಾಡುತ್ತಿದ್ದರು. ಅವರ ದಾಂಪತ್ಯದಲ್ಲಿ ಅಷ್ಟು ಮರ್ಯಾದೆಯ ದಿನಗಳು ಹಿಂದೆ ಬಂದಿರಲಿಲ್ಲ.

ಊರವರು ಸೇರುವ ಭಾನುವಾರಕ್ಕೆ ಇನ್ನೆರಡು ದಿನ ಇರುವಾಗ ಇಬ್ಬರೂ ಕೂತು ಮೂಲಂಗಿ ಕಟ್ಟುತ್ತಿದ್ದರು. ಕಿಹಾಚಿ ಮೆಲ್ಲಗೆ ಮಾತು ತೆಗೆದ. ಸಾಯೊ ಬಂದರೆ ಏನಾಗುತ್ತದೆ, ಅವಳೇ ಹಿಮದ ಮೇಲೆ ಎಳೆಯುವ ಜಾರುಬಂಡಿಯಲ್ಲಿ ಹುಟ್ಟಿದವಳಲ್ಲವೇ ಎಂದ.

ಅದು ಊರಿಗೆಲ್ಲ ಗೊತ್ತಿದ್ದ ಕಥೆ. ಆ ವರ್ಷ ಹಿಮ ಸೂರು ಮುಟ್ಟಿತ್ತು. ಗಂಡಸರು ತ್ಸುನೆಯನ್ನು ಜಾರುಬಂಡಿಯಲ್ಲಿ ಮಲಗಿಸಿ ಪೇಟೆಯ ಕಡೆ ಎಳೆದುಕೊಂಡು ಹೋಗುವಾಗ ಘಟ್ಟದ ಅರ್ಧ ದಾರಿಯಲ್ಲೇ ಸಾಯೊ ಹುಟ್ಟಿದಳು. ಕುಡಿಯಲು ಕೂತಾಗಲೆಲ್ಲ ಕಿಹಾಚಿ ಇದನ್ನು ಹೇಳುವವನೇ: ಹಗ್ಗದ ತುದಿಯಲ್ಲಿ ತಾನು ಹೇಗೆ ಜಾರಿ ಬಿದ್ದೆ, ಗೊಂಜೊ ಹೇಗೆ ಮುಖ ತಿರುಗಿಸಿಕೊಂಡು ಗಡಗಡ ನಡುಗಿದ, ಹೊರಟಾಗ ಒಬ್ಬಳಿದ್ದವಳು ವಾಪಸು ಬರುವಾಗ ಹೇಗೆ ಇಬ್ಬರಾದಳು. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ತ್ಸುನೆ ಕೈಯಲ್ಲಿದ್ದ ಗಂಟನ್ನು ಬಿಗಿದು ಪಕ್ಕಕ್ಕಿಟ್ಟಳು.

"ನೀವು ಹಗ್ಗದ ಮುಂದ್ಗಡೆ ಇದ್ರಿ. ನಿಮಗೆ ದಾರಿ ಕಾಣ್ತಿತ್ತು. ನಾನು ಅಂಗಾತ ಮಲಗಿದ್ದೆ, ನನಗೆ ಕಾಣ್ತಿದ್ದದ್ದು ಮೇಲಿಂದ ಬೀಳೋ ಹಿಮ ಒಂದೇ. ಬಾಯಿ ತೆಗೆದ್ರೆ ಬಾಯೊಳಗೆ ಬೀಳ್ತಿತ್ತು, ಅದಕ್ಕೇ ಕೂಗಲೂ ಇಲ್ಲ. ಇಷ್ಟು ವರ್ಷದಿಂದ ನೀವು ಆ ಕಥೆ ಹೇಳ್ತೀರಲ್ಲ, ಅದರಲ್ಲಿ ಒಂದ್ಸಲನಾದ್ರೂ ನಾನು ಬರ್ತೀನೇನೋ ಅಂತ ಕೇಳಿಸ್ಕೊಳ್ತಾ ಕೂತಿರ್ತೀನಿ."

ಕಿಹಾಚಿ ಆ ಕಥೆಯನ್ನು ಮನಸ್ಸಿನಲ್ಲೇ ಮೊದಲಿನಿಂದ ಹೇಳಿ ನೋಡಿದ. ನಿಜ, ಅದರಲ್ಲಿ ಹಗ್ಗವಿತ್ತು, ಗೊಂಜೊ ಇದ್ದ, ಜಾರಿಬಿದ್ದ ಜಾಗವಿತ್ತು. ಹಿಂದೆ ಮಲಗಿದ್ದವಳ ಮುಖ ಎಲ್ಲೂ ಇರಲಿಲ್ಲ, ಯಾಕೆಂದರೆ ಅವನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಮರುದಿನ ಅರ್ಧ ಹೆಣೆದ ಬುಟ್ಟಿಯನ್ನು ಕೊಟ್ಟಿಗೆಯ ಅಟ್ಟಕ್ಕೆ ಎಸೆದು, ಹಿತ್ತಲಿಗೆ ಹೋಗಿ, ಎದೆಯೆತ್ತರದಲ್ಲಿದ್ದ ಗೂಡನ್ನು ಬಿಚ್ಚಿ, ತಾನೇ ಸೂರಿನ ಎತ್ತರಕ್ಕೆ ಕಟ್ಟಿದ.

ಭಾನುವಾರ ಊರವರು ಬಂದರು. ಮುಂದಾಳು ಗೊಂಜೊ. ಚಿಕ್ಕಂದಿನಿಂದ ಕಿಹಾಚಿಯ ಗೆಳೆಯ, ತಮಾಷೆಯವನು, ಕಣ್ಣು ಬಹಳ ಚುರುಕು. ಕಿಹಾಚಿ ಬೋಳಿಸಿದ ಗಡ್ಡ, ಒಗೆದ ಅಂಗಿಯಲ್ಲಿ ಕೋಲು ಹಿಡಿದು ಮರದ ಕಡೆ ತಿರುಗಿ ಕಲ್ಲಾದ. ಗೂಡು ಎದೆಯೆತ್ತರದಲ್ಲಿತ್ತು.

ಅವನು ತ್ಸುನೆಯ ಕಡೆ ನೋಡಿದ. ಅವಳು ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತು, ಹೂಂ ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದಳು. ಅವನಿಗೆ ಅರ್ಥವಾಯಿತು. ಸೌದೆ ತೆಗೆಯಲು ಕೊಟ್ಟಿಗೆಗೆ ಹೋದವಳು ಅಟ್ಟದ ಮೇಲೆ ಬುಟ್ಟಿ ಬಿದ್ದಿರುವುದನ್ನು ನೋಡಿದ್ದಾಳೆ. ಸಂಜೆಗತ್ತಲಲ್ಲಿ ಗಂಟು ಯಾರದೆಂದು ಕಾಣದೆ, ಮೇಲಿದ್ದ ಗೂಡನ್ನು ತನ್ನದೇ ಕೆಲಸವೆಂದುಕೊಂಡು ಕೆಳಗೆ ತಂದು ಕಟ್ಟಿದ್ದಾಳೆ, ಅವನಿಗೋಸ್ಕರ. ಒಂದು ಕ್ಷಣ ಅವನಿಗೆ ಎಲ್ಲವೂ ಕೈಗೆ ಬಂದಂತೆ ಅನಿಸಿತು. ಎದೆಯವರೆಗೆ ಎಂದು ಹೇಳಿಬಿಟ್ಟರೆ ಸಾಕು, ಸಾಯೊ ಬರುತ್ತಾಳೆ, ಬುಟ್ಟಿ ಕೆಳಗಿಳಿಯುತ್ತದೆ, ಮಗು ಈ ಮನೆಯಲ್ಲೇ ಅಳುತ್ತದೆ. ಊರವರೂ ಅದನ್ನೇ ಕೇಳಲು ಬಾಯಿ ತೆರೆದು ನಿಂತಿದ್ದರು, ಹಲಗೆ ಹೊರುವ ಕೆಲಸ ಅರ್ಧ ಉಳಿಯುತ್ತದಲ್ಲ.

ಕಿಹಾಚಿ ಕೋಲನ್ನು ಮರದ ಪಕ್ಕ ನಿಲ್ಲಿಸಿ, ಎದೆಯೆತ್ತರದ ಗೂಡನ್ನು ಎಲ್ಲರೆದುರೇ ಅಳೆದು, ಗಂಟಲು ಸರಿಮಾಡಿಕೊಂಡ.

"ಸೂರಿನವರೆಗೆ," ಎಂದ.

ಗೊಂಜೊ, ಗೂಡು ನಿನ್ನ ಅಂಗಿ ಗುಂಡಿಯ ಎತ್ತರದಲ್ಲಿದೆಯಲ್ಲೋ ಮಾರಾಯ ಎಂದ. ಈ ವರ್ಷ ಹುಳು ಸುಳ್ಳು ಹೇಳುತ್ತಿದೆ ಎಂದು ಕಿಹಾಚಿ ಉತ್ತರ ಕೊಟ್ಟ. ಅಜ್ಜನ ಕಾಲದಿಂದ ಕಾಪಾಡಿಕೊಂಡು ಬಂದ ಮರ್ಯಾದೆ ಆ ಒಂದು ಮಾತಿಗೆ ಮಣ್ಣುಪಾಲಾಯಿತು ಎಂದು ಅವನಿಗೆ ಗೊತ್ತಿತ್ತು. ಗೊಂಜೊ ಮರದ ಹತ್ತಿರ ಹೋಗಿ, ಬುಡದಲ್ಲಿ ಬಿದ್ದಿದ್ದ ಹುರಿಯ ತುಂಡುಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಕೆಲವಕ್ಕೆ ಮಾಡು ಹೊದಿಸುವವರ ಗಂಟು, ಕೆಲವಕ್ಕೆ ಮೂಲಂಗಿ ಗಂಟು. ಎಲ್ಲವನ್ನೂ ಜೇಬಿಗೆ ಹಾಕಿಕೊಂಡ.

ಜನ ಗೊಣಗುತ್ತ ಹೋಗಿ ಸೂರಿನವರೆಗೂ ಹಲಗೆ ಹೊಡೆದರು. ಸಾಯೊ ನಾಗಾವೊಕದಲ್ಲೇ ಉಳಿದಳು.

ಆ ಚಳಿಗಾಲ ಹಿಮ ಮೊಣಕಾಲು ದಾಟಲಿಲ್ಲ. ಊರಿಗೆ ಊರೇ ಹಲಗೆ ಹೊಡೆದ ಕತ್ತಲ ಮನೆಗಳಲ್ಲಿ ಹಾಡುಹಗಲೇ ದೀಪ ಹಚ್ಚಿಕೊಂಡು, ಹೊರಗೆ ಬಿಸಿಲು ಬಂದಿದೆಯಂತೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಕಾಲ ಕಳೆಯಿತು. ಹೂತಿಟ್ಟ ಮೂಲಂಗಿ ಮಿಕ್ಕಿ ಮೊಳಕೆಯೊಡೆಯಿತು. ಕಿಹಾಚಿ ಬೀದಿಗಿಳಿದರೆ ಮುದುಕಿಯರು ಸೂರಿನ ಕಡೆ ಕೈ ತೋರಿಸಿ, ಹುಷಾರಪ್ಪ, ಹಿಮದಲ್ಲಿ ಹೂತುಹೋಗೀಯ ಎನ್ನುತ್ತಿದ್ದರು. ಅವನು ಟೊಪ್ಪಿ ಎಳೆದುಕೊಂಡು ನಡೆದುಬಿಡುತ್ತಿದ್ದ.

ಫೆಬ್ರವರಿಯಲ್ಲಿ ಮಗು ಹುಟ್ಟಿದ ಸುದ್ದಿ ಬಂದಾಗ ಘಟ್ಟದಲ್ಲಿ ಬಸ್ಸು ಸರಾಗವಾಗಿ ಓಡುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಹೊರಟರು. ಕಿಹಾಚಿಯ ತೊಡೆಯ ಮೇಲೆ, ಅಟ್ಟದಿಂದಿಳಿದು ಪೂರ್ತಿಯಾದ ಬುಟ್ಟಿ. ಕಿಟಕಿಯಾಚೆ ಬರೀ ಕಂದು ಗದ್ದೆ. ಇಷ್ಟು ಹಿಮಕ್ಕೆ ಸಾಯೊ ಆರಾಮವಾಗಿ ಬರಬಹುದಿತ್ತಲ್ಲ ಎಂದು ತ್ಸುನೆ ನಿಟ್ಟುಸಿರು ಬಿಟ್ಟಳು. ಬರಬಹುದಿತ್ತು ಎಂದು ಅವನೂ ಒಪ್ಪಿಕೊಂಡ. ಸಾಯೊ ಹುಟ್ಟಿದ ತಿರುವು ಬಂದಾಗ ಅವನು ಅಭ್ಯಾಸದಂತೆ ದಾರಿಯ ಕಡೆ ನೋಡದೆ, ತಿರುಗಿ ಅವಳ ಮುಖ ನೋಡಿದ. ಅವಳು ಏನು ಹಾಗೆ ನೋಡುತ್ತೀರಿ ಎಂದು ಗದರಿದಳು. ಆಸ್ಪತ್ರೆಯಲ್ಲಿ ಮಗುವನ್ನು ಬೀಗಿತ್ತಿ ಆಗಲೇ ಎತ್ತಿ ಆಡಿಸಿದ್ದಳು. ಕಿಹಾಚಿಯ ಕೈಗೆ ಬಂದಾಗ ಅದು ನಿದ್ದೆಹೋಗಿತ್ತು, ಆದರೂ ಅವನ ಹೊಟ್ಟೆ ತಣ್ಣಗಾಯಿತು.

ಮುಂದಿನ ನವೆಂಬರು ಬಂತು. ಇನ್ನು ಯಾರೂ ಬರುವುದಿಲ್ಲ ಎಂದುಕೊಂಡು ಕಿಹಾಚಿ ಆ ಭಾನುವಾರ ಗಡ್ಡವನ್ನೇ ಬೋಳಿಸಿರಲಿಲ್ಲ. ಆದರೂ ಊರು ಬಂತು, ಮುಂದೆ ಗೊಂಜೊ. ಅವನು ಜೇಬಿನಿಂದ ಹಳೆಯ ಹುರಿಯ ತುಂಡುಗಳನ್ನು ತೆಗೆದು ಕಿಹಾಚಿಯ ಅಂಗೈ ಮೇಲಿಟ್ಟ.

"ಈ ಸಲ ಮರ ಅಳೆಯೋದೇನೂ ಬೇಡ ಕಿಹಾಚಿ. ಸಾಯೊ ಮತ್ತೆ ಬಸುರಿಯೋ ಅಲ್ಲವೋ, ಅಷ್ಟು ಹೇಳಿಬಿಡು. ಹಲಗೆ ಎಷ್ಟು ಬೇಕು ಅಂತ ನಾವೇ ಲೆಕ್ಕ ಹಾಕ್ಕೋತೀವಿ."

ಹಿತ್ತಲು ಬಿರಿಯುವ ಹಾಗೆ ಎಲ್ಲರೂ ನಕ್ಕರು. ಕಿಹಾಚಿಯೂ ನಕ್ಕು ಹೆಂಡತಿಯ ಕಡೆ ತಿರುಗಿದ. ತ್ಸುನೆ ನಗುತ್ತಿರಲಿಲ್ಲ. ತಲೆ ಬಗ್ಗಿಸಿಕೊಂಡು, ಕೆಂಪಾದ ಮುಖದಲ್ಲಿ, ಸರಸರನೆ ಮೂಲಂಗಿ ಕಟ್ಟುತ್ತಿದ್ದಳು.

"ಮೊನ್ನೆ ಫೋನು ಬಂದಿತ್ತು," ಎಂದಳು ಮೂಲಂಗಿಗೆ ಹೇಳುವಂತೆ. "ಮಾರ್ಚಿಗಂತೆ. ನಿಮಗೆ ಹೇಳೋಣ ಅಂತಿದ್ದೆ."

ಕಿಹಾಚಿ ತಲೆಯೆತ್ತಿ ಮರ ನೋಡಿದ. ಗೂಡು ಸೂರಿನ ಎತ್ತರದಲ್ಲಿತ್ತು, ಅದರ ಕೆಳಗೆ ಹೊಸ ಹುರಿಯ ತುದಿಯೊಂದು ಗಾಳಿಗೆ ಆಡುತ್ತಿತ್ತು. ಎಡಗಡೆಗೆ ತಿರುವಿದ ಗಂಟು. ಏಣಿ ಕೈಗೆಟಕುವಷ್ಟು ಹತ್ತಿರದಲ್ಲೇ ಒರಗಿತ್ತು. ಅವನು ಅದರ ಕಡೆ ಹೋಗಲಿಲ್ಲ. ಬಿದಿರು ಕೋಲನ್ನು ಎತ್ತಿ ಮರಕ್ಕೆ ಆನಿಸಿ, ಗಂಟಲು ಸರಿಮಾಡಿಕೊಂಡು, ಸೂರಿನವರೆಗೆ ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದ. ಗೊಂಜೊ ಬೆನ್ನು ನೀವಿಕೊಳ್ಳುತ್ತ ಹಲಗೆ ತರಲು ಮನೆಗೆ ಹೋದ.