ಎರಡನೆಯ ಪಂಕ್ತಿಯ ಮೀನುಗಳು

ಬೆಳಗಿನ ವಾಕಿಂಗಿನಲ್ಲಿ ಸಾರಕ್ಕಿ ಕೆರೆಯ ಪಾಚಿ ವಾಸನೆ ಬಡಿದರೆ ಎಲ್ಲರೂ ಕರವಸ್ತ್ರ ಹುಡುಕುತ್ತಾರೆ. ನನಗೆ ಸುಮಿತ್ರಾ ನೆನಪಾಗುತ್ತಾರೆ. ಇದನ್ನು ಅವರಿಗೆ ಹೊಗಳಿಕೆಯಾಗಿ ಹೇಳುವುದು ಹೇಗೆಂದು ಇನ್ನೂ ಗೊತ್ತಾಗಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ನಾವಿಬ್ಬರೂ ಒಬ್ಬರೇ ಗೈಡಿನ ಕೆಳಗೆ ಸಂಶೋಧನೆ ಮಾಡುತ್ತಿದ್ದೆವು. ಸುಮಿತ್ರಾ ಈ ಕೆರೆಯ ನೀರನ್ನು ಬಾಟಲಿಗಳಲ್ಲಿ ತುಂಬಿ ಬಸ್ಸಿನಲ್ಲಿ ತರುತ್ತಿದ್ದರು; ಅವರ ಪಕ್ಕದ ಸೀಟು ಯಾವಾಗಲೂ ಖಾಲಿ. ಆ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು, ಅಂದರೆ ಪ್ಲಾಂಕ್ಟನ್, ಹೇಗೆ ಹೆಚ್ಚುತ್ತವೆ, ಹೇಗೆ ಸಾಯುತ್ತವೆ ಎಂಬುದಕ್ಕೆ ಅವರು ಸಮೀಕರಣ ಬರೆದಿದ್ದರು. ಅವನ್ನು ತಿನ್ನುವ ಮೀನಿನ ಸಮೀಕರಣ ನನ್ನದು. ಬೇರೆ ಬೇರೆಯಾಗಿ ಕಂಪ್ಯೂಟರಿಗೆ ಕೊಟ್ಟರೆ ಎರಡೂ ಸಾಧುಗಳು. ಜೋಡಿಸಿದರೆ ಪ್ಲಾಂಕ್ಟನ್ ಮುಗಿದು, ಮೀನು ಹಸಿದು ಸತ್ತು, ಕಾಗದದ ಮೇಲೆ ಕೆರೆಯೇ ಖಾಲಿ.

ಸುಮಿತ್ರಾ ಅವರ ಫೆಲೋಶಿಪ್ ಇನ್ನೊಂದು ತಿಂಗಳಿಗೆ ಮುಗಿಯುವುದಿತ್ತು. ಜೋಡಿ ನಿಲ್ಲದೆ ಅವರ ಥೀಸಿಸ್ಸಿಗೆ ಸಹಿ ಹಾಕುವುದಿಲ್ಲ ಎಂದಿದ್ದರು ಗೈಡು.

“ನಿಮ್ಮ ಮೀನು ಹೊಟ್ಟೆಬಾಕ ಕಣ್ರೀ,” ಎನ್ನುತ್ತಿದ್ದರು ಸುಮಿತ್ರಾ.

“ನಿಮ್ದಕ್ಕೆ ಸಾಯೋಕೆ ಒಂದು ನೆಪ ಸಾಕು,” ಎನ್ನುತ್ತಿದ್ದೆ ನಾನು.

ಈ ಮಟ್ಟದ ವೈಜ್ಞಾನಿಕ ಚರ್ಚೆ ನಡೆದಿರುವಾಗಲೇ ಜಯನಗರದ ಛತ್ರವೊಂದರಲ್ಲಿ ಗೈಡಿನ ಮಗಳ ಮದುವೆ ಬಂತು. ಎರಡನೆಯ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದೆವು. ನಮ್ಮ ಪಕ್ಕದ ಎಲೆಗೆ ಬಂದು ಕೂತ ಹಿರಿಯರನ್ನು ಬಡಿಸುವವನು ಗುರುತು ಹಿಡಿದ.

“ಅಂಕಲ್, ನಿಮ್ದು ಮೊದಲ್ನೇ ಪಂಕ್ತೀಲೇ ಆಯ್ತಲ್ಲ?”

“ಅದು ಹೆಣ್ಣಿನ ಕಡೆಯೋನಾಗಿ ಕಣಯ್ಯಾ. ಈಗ ಗಂಡಿನ ಕಡೆ. ಹೋಳಿಗೆ ಹಾಕು.”

ಸುಮಿತ್ರಾ ಕಲಸಿದ ಅನ್ನವನ್ನು ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದರು. “ರೀ, ನಿಮ್ಮ ಮೀನೂ ಹೀಗೇ! ನಾನು ‘ಸಾವು’ ಅಂತ ಹಾಕಿದೀನಲ್ಲ, ಮೀನು ತಿಂದಿದ್ದೂ ಅದರಲ್ಲೇ ಸೇರಿದೆ. ಆಮೇಲೆ ನಿಮ್ಮ ಮೀನು ಬೇರೆ ಹೆಸರಲ್ಲಿ ಬಂದು ಮತ್ತೆ ಎಲೆಗೆ ಕೂರುತ್ತೆ.”

ನಿಜ. ಅವರು ಸಾವನ್ನು ಅಳೆದದ್ದು ಮೀನಿದ್ದ ಕೆರೆಯಲ್ಲೇ. ಸಮೀಕರಣ ಒಂಟಿಯಾಗಿದ್ದಾಗ ಅದು ತಪ್ಪಲ್ಲ. ಜೊತೆಯಾದ ಮೇಲೆ ತಪ್ಪು.

ತಿದ್ದುವುದು ಸುಲಭ, ಒಪ್ಪುವುದು ಕಷ್ಟ. ಸಾವಿನಿಂದ ಮೀನಿನ ಪಾಲನ್ನು ತೆಗೆದರೆ, ಮೀನಿಲ್ಲದಾಗ ಅವರ ಪ್ಲಾಂಕ್ಟನ್ ಕೆರೆ ಉಕ್ಕುವಷ್ಟು ಬೆಳೆಯುತ್ತದೆ. “ಇಷ್ಟು ವರ್ಷದ ಕೆಲಸ. ಇನ್ಮೇಲೆ ನಂದು ಒಂಟಿಯಾಗಿ ನಿಲ್ಲಲ್ಲ,” ಎಂದರು ಸಪ್ಪೆ ದನಿಯಲ್ಲಿ.

“ನಂದು ಯಾವತ್ತು ನಿಂತಿತ್ತು?” ಎಂದೆ. ನನ್ನ ಮೀನಿಗೆ ಅಲ್ಲಿಯವರೆಗೆ ಆಹಾರ ಆಕಾಶದಿಂದ ಬೀಳುತ್ತಿತ್ತು.

ಅವರು ಮೀನಿನ ಪಾಲನ್ನು ತೆಗೆದರು. ಜೋಡಿ ನಿಂತಿತು. ಸಹಿಯೂ ಬಿತ್ತು. ಆಮೇಲೆ ಮದುವೆಯಾದಿರಾ ಎಂದು ಕೇಳುವವರಿದ್ದಾರೆ. ಇಲ್ಲ, ಸಮೀಕರಣಗಳು ಮಾತ್ರ.

ಇಷ್ಟು ಬರೆದ ಮೇಲೆ, ನನ್ನ ನೆನಪಿನ ಮೇಲೆ ನನಗೇ ನಂಬಿಕೆ ಸಾಲದೆ, ಅವರಿಗೆ ಫೋನ್ ಮಾಡಿದೆ.

“ಪಂಕ್ತಿ ಮಾತು ನಿಮ್ದು ತಾನೇ?”

“ಏನ್ರೀ, ಹೇಳಿದ್ದು ನೀವು! ಥೀಸಿಸ್‌ನಲ್ಲಿ ಅದಕ್ಕೇ ನಿಮಗೆ ಕೃತಜ್ಞತೆ ಬರೆದಿದೀನಿ. ನೋಡಿಲ್ವಾ?”

ನೋಡಿರಲಿಲ್ಲ. ನನ್ನದರಲ್ಲಿ ಅದೇ ಮಾತಿಗೆ ಅವರಿಗೆ ಬರೆದಿದ್ದೆ, ಅವರೂ ನೋಡಿಲ್ಲ. ಇಬ್ಬರೂ ಕೊಟ್ಟಿದ್ದೇವೆ, ಯಾರೂ ತೆಗೆದುಕೊಂಡಿಲ್ಲ. ಮೇಲಿನ ಕತೆಯಲ್ಲಿ ಆ ಮಾತನ್ನು ಅವರ ಬಾಯಲ್ಲೇ ಬಿಟ್ಟಿದ್ದೇನೆ. ಅವರು ಬರೆಯುವಾಗ ನನ್ನ ಬಾಯಲ್ಲಿ ಇಡಲಿ.