ಗಂಗಕ್ಕ ಕೇಳದೆ ಬಿಟ್ಟ ಮಾತು

ಬೆಳಕೆಯ ಗಂಗಿ ಹೋಮ್‌ಗಾರ್ಡ್ ಸೇರಿದ್ದು 1984ರಲ್ಲಿ. ಆಗ ಅವಳಿಗೆ ಮೂವತ್ತೆರಡು. ಏಳನೆಯ ತರಗತಿ ಓದಿದ್ದಳು. ಬೆಳಿಗ್ಗೆ ಭಟ್ಕಳದ ಬಂದರಿನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಹೆಬಳೆಯವರೆಗೆ ಕೇರಿ ಕೇರಿ ತಿರುಗಿ ಮಾರುತ್ತಿದ್ದಳು. ನಾನು ಹೆಬಳೆಯ ಶಾಲೆಯಲ್ಲಿ ಮಾಸ್ತರ. ಪಾಠದ ನಡುವೆ ಕಿಟಕಿಯಾಚೆ ‘ಬಂಗಡೇ’ ಎಂಬ ಅವಳ ಕೂಗು ಬಂದರೆ ನಾನೇ ಮಾತು ನಿಲ್ಲಿಸಿ ಅದು ದಾಟಿ ಹೋಗುವುದನ್ನು ಕಾಯಬೇಕಾಗುತ್ತಿತ್ತು. ನಾನೂ ಅದೇ ವರ್ಷ ಹೋಮ್‌ಗಾರ್ಡ್ ಸೇರಿದವನು. ಆ ಕೂಗಿನ ಹೆಂಗಸು ವೈರ್‌ಲೆಸ್ ತರಬೇತಿಗೆ ನನ್ನ ಪಕ್ಕದಲ್ಲೇ ಬಂದು ಕೂತಾಗ ನನಗೆ ನಗು ಬಂದಿತ್ತು.

ತರಬೇತಿ ನಡೆದದ್ದು ಹೊನ್ನಾವರದಲ್ಲಿ, ಹೊಳೆಯ ದಂಡೆಯ ಒಂದು ಹಳೆ ಗೋದಾಮಿನಲ್ಲಿ, ಹತ್ತು ದಿನ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆಯಿಂದ ಇಪ್ಪತ್ತೆರಡು ಜನ ಬಂದಿದ್ದೆವು. ಕಲಿಸಿದವರು ಕತಗಾಲದ ಲಿಂಗಪ್ಪ. ಸೈನ್ಯದಲ್ಲಿ ಹದಿನೆಂಟು ವರ್ಷ ವೈರ್‌ಲೆಸ್ ಸೆಟ್ಟಿನ ಮುಂದೆ ಕೂತು ನಿವೃತ್ತರಾಗಿ ಬಂದವರು. ಎಲ್ಲರೂ ಅವರನ್ನು ಹವಾಲ್ದಾರರು ಎನ್ನುತ್ತಿದ್ದೆವು. ತೆಂಗಿನ ಮರಕ್ಕೆ ತಂತಿ ಕಟ್ಟಿ, ಮೇಜಿನ ಮೇಲೆ ಕಬ್ಬಿಣದ ಪೆಟ್ಟಿಗೆಯಂಥ ಸೆಟ್ಟು ಇಟ್ಟು, ಮೊದಲ ದಿನ ಅವರು ಹೇಳಿದ್ದು ಇಷ್ಟು: ಗುಂಡಿ ಒತ್ತಿ ಒಂದು ಉಸಿರು ತಡೆದು ಮಾತಾಡಿ, ಇಲ್ಲದಿದ್ದರೆ ಮೊದಲ ಶಬ್ದ ನುಂಗಿ ಹೋಗುತ್ತದೆ. ಮಾತು ಮುಗಿದ ಕೂಡಲೇ ‘ಓವರ್’ ಎಂದು ಗುಂಡಿ ಬಿಡಿ. ಒತ್ತಿ ಹಿಡಿದವರಿಗೆ ಬೇರೆಯವರ ಮಾತು ಕೇಳುವುದಿಲ್ಲ.

ಗಂಗಕ್ಕ ಗುಂಡಿ ಒತ್ತಿ ಮಾತಾಡಿದ ಮೊದಲ ಸಲ, ಹೊಳೆಯ ಆಚೆ ದಂಡೆಯಲ್ಲಿ ಇನ್ನೊಂದು ಸೆಟ್ಟಿನ ಮುಂದೆ ಕೂತಿದ್ದವನು ಕಿವಿಯ ಮೇಲಿನ ಹೆಡ್‌ಫೋನು ಕಿತ್ತು ಮೇಜಿಗೆ ಹಾಕಿದನಂತೆ. ಹವಾಲ್ದಾರರು ಬೈಯಲಿಲ್ಲ. ಅವಳ ತುಟಿಯ ಮುಂದೆ ಒಂದು ತೆಳು ಕಾಗದದ ಚೂರು ಹಿಡಿದು, ಇದು ಅಲ್ಲಾಡದಂತೆ ಮಾತಾಡು ಎಂದರು. ಅವಳು ಅದನ್ನೇ ಹಿಡಿದು ಎರಡು ದಿನ ಕೂತಳು. ತರಬೇತಿ ಮುಗಿಸಿ ಊರಿಗೆ ಬಂದ ಮೇಲೂ ಬುಟ್ಟಿ ಹೊತ್ತು ಮೆಲ್ಲನೆ ಮೀನಿನ ಹೆಸರು ಹೇಳುತ್ತ ಹೋಗುತ್ತಿದ್ದಳಂತೆ. ಹೆಬಳೆಯ ಹೆಂಗಸರು, ಎಂತ ಗಂಗಿ, ಮೈಗೆ ಹುಷಾರಿಲ್ವಾ ಎಂದು ಕೇಳಿದ್ದರು.

ಆದರೆ ಕೇಳಿಸಿಕೊಳ್ಳುವುದರಲ್ಲಿ ಅವಳನ್ನು ಮೀರಿಸುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಸೆಟ್ಟು ಗರಗರ ಎನ್ನುತ್ತಿದ್ದರೂ ಅದರೊಳಗಿನ ಅಂಕಿ, ಹೆಸರು ಅವಳಿಗೆ ಸಿಗುತ್ತಿದ್ದವು. ಹವಾಲ್ದಾರರು ಆಶ್ಚರ್ಯಪಟ್ಟರು. ಚಿಕ್ಕಂದಿನಿಂದ ದಡದಲ್ಲಿ ನಿಂತು, ದೋಣಿಯವರು ತೆರೆಯ ಆಚೆಯಿಂದ ಕೂಗಿದ್ದನ್ನು ಹಿಡಿದು ಮನೆಗೆ ಓಡಿ ಹೇಳಿ ಅಭ್ಯಾಸ ಎಂದಳು ಅವಳು.

ಅಲ್ಲಿ ಒಮ್ಮೆ ಮಾತ್ರ ತಪ್ಪಿದಳು. ಅಭ್ಯಾಸದ ಸಂದೇಶ ‘ದೋಣಿ ಒಂದು, ಜನ ಆರು, ದಡ ಸೇರಿದ್ದಾರೆ’ ಎಂದಿತ್ತು. ಅವಳು ಅದನ್ನು ಮುಂದಕ್ಕೆ ಹೇಳುವಾಗ ‘ಆರೂ ಜನ ಆರಾಮಿದ್ದಾರೆ’ ಎಂದುಬಿಟ್ಟಳು. ಆರಾಮ ಎಂದು ಅಲ್ಲಿಂದ ಯಾರಾದರೂ ಹೇಳಿದರೇ ಎಂದು ಹವಾಲ್ದಾರರು ಕೇಳಿದರು. ಬಂದದ್ದಕ್ಕೆ ಒಂದು ಅಕ್ಷರ ಸೇರಿಸಬಾರದು, ಒಂದು ಅಕ್ಷರ ಬಿಡಬಾರದು ಎಂದರು. ಅವಳು ಅದನ್ನು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು.

ಮಾರನೆಯ ವರ್ಷ, ದಸರೆ ಕಳೆದ ವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ ಒಮ್ಮೆಲೇ ಗಾಳಿ ಎದ್ದಿತು. ಭಟ್ಕಳದ ಬೋಟುಗಳು ಬಂಗಡೆಯ ಬೆನ್ನು ಹಿಡಿದು ಹೊನ್ನಾವರದ ಕಡೆ ಹೋಗಿದ್ದವು. ಗಂಗಕ್ಕನ ಗಂಡ ದುರ್ಗ, ದಾಸ ಎಂಬವನ ಬೋಟಿನಲ್ಲಿದ್ದ. ನಮ್ಮನ್ನು ಬಂದರಿಗೆ ಕರೆಸಿ, ಒಂದು ಕೋಣೆಯಲ್ಲಿ ಸೆಟ್ಟು ಇಡಿಸಿದರು. ಗಂಗಕ್ಕ ಸೆಟ್ಟಿಗೆ ಕೂತಳು, ನಾನು ಬರೆಯುವುದಕ್ಕೆ. ಹೊರಗೆ ಮಳೆಯಲ್ಲಿ ಮನೆಮಂದಿ ಸೇರುತ್ತಿದ್ದರು.

ಎರಡು ಗಂಟೆಗೆ ಹೊನ್ನಾವರ ಮಾತಾಡಿತು. ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ದಾಸನ ಬೋಟು ಮಗುಚಿದೆ. ಬೋಟಿನಲ್ಲಿ ಹನ್ನೊಂದು ಜನ. ಏಳು ಜನ ದಡ ಸೇರಿದ್ದಾರೆ. ಹೆಸರು ಬರೆದುಕೊಳ್ಳಿ.

ಏಳು ಹೆಸರು ಬಂದವು. ಅದರಲ್ಲಿ ದುರ್ಗನ ಹೆಸರಿರಲಿಲ್ಲ. ನಿಯಮದಂತೆ ಗಂಗಕ್ಕ ಅಷ್ಟೂ ಹೆಸರನ್ನು ತಿರುಗಿ ಓದಿ ಹೇಳಿದಳು. ಧ್ವನಿ ಸ್ವಲ್ಪವೂ ಬದಲಾಗಲಿಲ್ಲ. ಅಷ್ಟರಲ್ಲಿ ಕುಮಟಾ ನಡುವೆ ಬಂತು. ಅಲ್ಲಿ ಇನ್ನೊಂದು ಬೋಟಿನವರಿಗೆ ಪೆಟ್ಟಾಗಿತ್ತು, ಹೊನ್ನಾವರದಿಂದ ಹಗ್ಗ, ಜನ, ಗಾಡಿ ಬೇಕಿತ್ತು. ಅವರಿಬ್ಬರ ಮಾತು ನಡೆಯಿತು. ನಡುನಡುವೆ ಒಂದೆರಡು ಕ್ಷಣ ಖಾಲಿ ಸಿಗುತ್ತಿತ್ತು.

“ದುರ್ಗ ಎಲ್ಲಿ ಅಂತ ಕೇಳು ಗಂಗಕ್ಕ” ಎಂದೆ ನಾನು. “ಒಂದು ಮಾತಲ್ವಾ.”

ಅವಳು ಬೇಡವೆಂದು ತಲೆ ಆಡಿಸಿ, ಗುಂಡಿಯ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಆಮೇಲೆ ಚೀಟಿ ಹಿಡಿದು ಬಾಗಿಲಿಗೆ ಹೋಗಿ ಏಳು ಹೆಸರು ಓದಿದಳು. ಮುಂದೆಯೇ ಅವಳ ಅತ್ತೆ ಸುಕ್ರಿ ನಿಂತಿದ್ದಳು. ನಮ್ಮ ದುರ್ಗ ಎಲ್ಲಿ ಎಂದು ಕೇಳಿದಳು.

“ಅವ್ರ ಹೆಸ್ರು ಬರ್ಲಿಲ್ಲ ಅತ್ತೆ. ಇಲ್ಲ ಅಂತ್ಲೂ ಬರ್ಲಿಲ್ಲ.”

ಸುಕ್ರಿ ಅಲ್ಲೇ ಮಳೆಯಲ್ಲಿ ಕೂತಳು. ಗಂಗಕ್ಕ ಅವಳ ತಲೆಯ ಮೇಲೆ ಒಂದು ಗೋಣಿ ಕೊಪ್ಪೆ ಹಾಕಿ ಒಳಗೆ ಬಂದು ಮತ್ತೆ ಸೆಟ್ಟಿನ ಮುಂದೆ ಕೂತಳು.

ನಾಲ್ಕೂವರೆಗೆ ಎರಡನೆಯ ಸುದ್ದಿ ಬಂತು. ಬೇರೆ ಬೋಟಿನವರು ಮೂವರನ್ನು ನೀರಿನಿಂದ ಎತ್ತಿದ್ದಾರೆ: ಲಕ್ಷ್ಮಣ, ದುರ್ಗ, ಜಟ್ಟಿ. ಬೊಮ್ಮನ ಹೆಣ ಸಿಕ್ಕಿದೆ. ಗಂಗಕ್ಕ ಗುಂಡಿ ಒತ್ತಿ, ಉಸಿರು ತಡೆದು, ಆ ನಾಲ್ಕು ಹೆಸರನ್ನು ತಿರುಗಿ ಹೇಳಿದಳು. ಗಂಡನ ಹೆಸರು ಅವಳ ಬಾಯಲ್ಲಿ ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಎಲ್ಲ ಹೆಸರಿನ ಹಾಗೆಯೇ ಅದನ್ನೂ ಬಿಡಿಸಿ ಹೇಳಿ, ‘ಓವರ್’ ಎಂದಳು.

ಹೊರಗೆ ಹೋದವಳು ಈ ಸಲ ಚೀಟಿ ಓದಲಿಲ್ಲ. ಜನರ ನಡುವೆ ನುಗ್ಗಿ ಬೊಮ್ಮನ ಹೆಂಡತಿ ನಾಗಿಯ ಹತ್ತಿರ ಹೋಗಿ, ಎರಡೂ ತೋಳಲ್ಲಿ ಅವಳನ್ನು ಹಿಡಿದು, ಕಿವಿಯಲ್ಲಿ ಹೇಳಿದಳು. ಏನು ಹೇಳಿದಳೋ ಯಾರಿಗೂ ಕೇಳಲಿಲ್ಲ. ಇಬ್ಬರೂ ನೆಲಕ್ಕೆ ಕೂತರು. ಉಳಿದ ಮೂವರ ಹೆಸರನ್ನು ನಾನು ಓದಿದೆ. ಮಗ ಬದುಕಿದ್ದಾನೆಂದು ಸುಕ್ರಿಗೆ ಗೊತ್ತಾದದ್ದು ನನ್ನ ಬಾಯಿಂದ.

ದುರ್ಗ ಮಾರನೆಯ ದಿನ ಯಾರದೋ ಲುಂಗಿ ಉಟ್ಟು ಬಸ್ಸಿನಲ್ಲಿ ಬಂದ. ಸುಕ್ರಿ ಅವನಿಗೆ ಗಂಜಿ ಬಡಿಸುವಾಗಲೇ, ನಿನ್ನ ಹೆಂಡ್ತಿ ಕೈಲಿ ಯಂತ್ರ ಇಟ್ಕೊಂಡೂ ನಿನ್ನ ಕೇಳ್ಲಿಲ್ಲ ಎಂದು ಹೇಳಿದಳಂತೆ. ನಾಲ್ಕಾರು ದಿನ ಮನೆಯಲ್ಲಿ ಮಾತೇ ಕಡಿಮೆಯಾಯಿತು. ಕೊನೆಗೆ ಬಲೆ ಸರಿಮಾಡುತ್ತ ಕೂತಿದ್ದವನು ತಾನಾಗಿಯೇ, ನೀ ಕೇಳಿದ್ರೂ ನಾ ಬೇಗ ಸಿಗ್ತಿರ್ಲಿಲ್ಲ ಎಂದ. ನಿಮ್ಗೆ ಬೇಜಾರಾತಾ ಎಂದು ಗಂಗಕ್ಕ ಕೇಳಿದಳು. ಆತು ಎಂದು ಅವನು ಒಪ್ಪಿಕೊಂಡ. ಅಲ್ಲಿಗೆ ಆ ಮಾತು ನಿಂತಿತು. ಇದನ್ನೆಲ್ಲ ಅವಳೇ ನನಗೆ ಹೇಳಿದ್ದು.

ನಾನು ಮಾತ್ರ ಆ ದಿನದ ಸಂಗತಿಯನ್ನು ಸಿಕ್ಕಲ್ಲೆಲ್ಲ ಹೇಳುತ್ತಿದ್ದೆ. ಒಮ್ಮೆ ಇಬ್ಬರೂ ಹೊನ್ನಾವರಕ್ಕೆ ಹೋಗಿದ್ದಾಗ ಹವಾಲ್ದಾರರ ಮುಂದೆಯೂ ಹೇಳಿದೆ. ಅವರು ಶಿಸ್ತು ಅಂದರೆ ಅದು ಎಂದು ತಲೆದೂಗಿದರು. ವಾಪಸು ಬರುವ ಬಸ್ಸಿನಲ್ಲಿ ಗಂಗಕ್ಕ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದಳು: “ಹಾಗೆ ಹೊಗಳ್ಬೇಡಿ ಮಾಸ್ತರೆ. ಶಿಸ್ತಿಗೆ ಅಲ್ಲ ನಾ ಸುಮ್ನಿದ್ದದ್ದು. ಕೇಳಿದ್ರೆ ಅಲ್ಲಿಂದ ಉತ್ತರ ಬರ್ತಿತ್ತಲ್ಲ. ಅದ್ಕೆ ಹೆದ್ರಿಕೆ ಆತು.”

ಗಾಳಿಯ ದಿನ ಅವಳ ಪಕ್ಕದಲ್ಲೇ ಕೂತು, ಅವಳ ಮುಖವನ್ನೇ ನೋಡುತ್ತಿದ್ದು, ನಾನು ಏನನ್ನು ಕಂಡಂತಾಯಿತು? ಆ ದಿನ ನಾನು ಎದ್ದು, ನೀನು ಹೊರಗೆ ಹೋಗು, ನಾನು ಕೂರುತ್ತೇನೆ ಎನ್ನಬಹುದಿತ್ತು. ಅದು ನನಗೆ ಹೊಳೆಯಲೇ ಇಲ್ಲ.

ನಾಗಿ ಆಮೇಲೆ ಗಂಗಕ್ಕನ ಜೊತೆ ಮೀನು ಮಾರಲು ಹೊರಟಳು. ಮೊದಲ ವರ್ಷ ಇಬ್ಬರೂ ಒಂದೇ ಕೇರಿಯಲ್ಲಿ ನಡೆಯುತ್ತಿದ್ದರು. ನಾಗಿಗೆ ಕೂಗಲು ಬರುತ್ತಿರಲಿಲ್ಲ, ಗಂಗಕ್ಕ ಇಬ್ಬರ ಪರವಾಗಿಯೂ ಕೂಗುತ್ತಿದ್ದಳು.

1987ರಲ್ಲಿ ಕುಮಟೆಯಲ್ಲಿ ಹೊಸಬರಿಗೆ ತರಬೇತಿ ನಡೆದಾಗ ಹವಾಲ್ದಾರರು ಅವಳನ್ನೂ ಕಲಿಸಲು ಕರೆದರು. ಅಲ್ಲಿ ಅವಳು ಒಂದು ಹಟ ಹಿಡಿದಳು. ಸೆಟ್ಟಿಗೆ ಯಾವಾಗಲೂ ಇಬ್ಬರು ಕಲಿತವರು ಇರಬೇಕು, ತಮ್ಮವರ ಬೋಟಿನ ಸುದ್ದಿ ಬರುವಂತಿದ್ದರೆ ಕೂತವರು ಎದ್ದು ಇನ್ನೊಬ್ಬರಿಗೆ ಬಿಡಬೇಕು ಎಂದಳು. ಸೈನ್ಯದಲ್ಲಿ ಹೀಗೆಲ್ಲ ಇಲ್ಲ ಎಂದು ಹವಾಲ್ದಾರರು ಮೊದಲು ಒಪ್ಪಲಿಲ್ಲ. ಅಲ್ಲಿ ನಿಮ್ಮ ಮನೆಯವ್ರು ಕೋಣೆ ಬಾಗ್ಲಲ್ಲಿ ನಿಂತಿರ್ತಿರ್ಲಿಲ್ಲ ಎಂದಳು ಅವಳು. ಅವರು ಆಗಲಿ ಎಂದರು. ನಾನು ಆ ವರ್ಷವೇ ಸೆಟ್ಟು ನಡೆಸುವುದನ್ನು ಸರಿಯಾಗಿ ಕಲಿತೆ.

ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೊಂದು ದಿನ ಹಾಗೆಯೇ ಗಾಳಿ ಎದ್ದಿತು. ದುರ್ಗ ಸಮುದ್ರದಲ್ಲಿದ್ದ. ಗಂಗಕ್ಕ ಸೆಟ್ಟು ಹಚ್ಚಿ, ಹೊನ್ನಾವರದವರ ಧ್ವನಿ ಸರಿಯಾಗಿ ಕೇಳುತ್ತದೆಯೇ ಎಂದು ನೋಡಿ, ಎದ್ದು ನನಗೆ ಕುರ್ಚಿ ಬಿಟ್ಟಳು. ಹೊರಗೆ ಹೋಗಿ ಸುಕ್ರಿಯ ಪಕ್ಕ ಜಗಲಿಯ ಮೇಲೆ ಕೂತಳು. ಮೂರು ಗಂಟೆಗೆ ಬೋಟುಗಳೆಲ್ಲ ಒಂದರ ಹಿಂದೆ ಒಂದು ಬಂದರಿಗೆ ಬರುವವರೆಗೂ ಅತ್ತೆ ಸೊಸೆ ಇಬ್ಬರೂ ಅಲ್ಲಿಂದ ಏಳಲಿಲ್ಲ.