ಉತ್ತರಕ್ಕೆ ತಲೆ

ಜಿಗಣಿಯ ನಮ್ಮ ಮನೆಯ ಮಹಡಿಯ ದೊಡ್ಡ ಕೋಣೆಯನ್ನು ಧಾರವಾಡದ ಕಡೆಯ ಒಬ್ಬ ಹುಡುಗಿಗೆ ಬಾಡಿಗೆಗೆ ಕೊಟ್ಟಿದ್ದೆವು. ಸೊಂಟನೋವು, ಮಂಡಿನೋವಿನವರಿಗೆ ಅವಳು ಪಿಲಾಟೆಸ್ ಎಂಬ ವ್ಯಾಯಾಮ ಹೇಳಿಕೊಡುತ್ತಿದ್ದಳು. ಮಾಲೀಕಳಾದ ನನಗೆ ಎರಡೂ ನೋವಿದ್ದವು. ಆದರೂ ಕೆಳಗೇ ಕೂತು, ಮಲಗಿಕೊಂಡು ಮಾಡುವುದೂ ಒಂದು ಕಸರತ್ತೇ ಎಂದು ಆಡಿಕೊಳ್ಳುತ್ತಿದ್ದೆ. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ.

ನನ್ನನ್ನು ಮಹಡಿ ಹತ್ತಿಸಿದ್ದು ಹಿರಿಯರ ಹಬ್ಬ. ನಮ್ಮಲ್ಲಿ ಹಿರಿಯರ ಎಡೆಗೆ ಇಡುವ ರಾಗಿಮುದ್ದೆಯನ್ನು ಹಿರಿಸೊಸೆ ನೆಲದ ಮೇಲೆ ಕೂತೇ ತೊಳಸಬೇಕು. ಪಾತ್ರೆಯನ್ನು ಕವೆಗೋಲಿನ ಮಧ್ಯೆ ಸಿಕ್ಕಿಸಿ, ಆ ಕೋಲನ್ನು ಎರಡೂ ಪಾದದಲ್ಲಿ ಒತ್ತಿ ಹಿಡಿದು, ಮೈಯ ಬಲವನ್ನೆಲ್ಲ ಹಾಕಿ ಹಿಟ್ಟು ತಿರುವಬೇಕು. ಹೋದ ವರ್ಷ ಕೂತೆ, ತೊಳಸಿದೆ, ಏಳಲಾಗಲಿಲ್ಲ. ನೆಂಟರೆಲ್ಲರ ಎದುರು ಗಂಡ ಒಂದು ಕಡೆ, ಮೈದುನ ಒಂದು ಕಡೆ ಹಿಡಿದು ಎಬ್ಬಿಸಿದರು.

"ಮುಂದಿನ್ ವರ್ಸ ಚಿಕ್ಕೋಳು ತೊಳುಸ್ಲಿ ಬಿಡವ್ವ," ಎಂದರು ಅತ್ತೆ. ಕರುಣೆಯಿಂದಲೇ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಕೋಲನ್ನು ಮದುವೆಯಾಗಿ ಬಂದ ವರ್ಷದಿಂದ ಹಿಡಿದವಳು ನಾನು. ಬಿಡುವ ಮಾತೇ ಇರಲಿಲ್ಲ.

ಕಂಬಿ ಹಿಡಿದು, ನಿಂತು ನಿಂತು, ಅಂತೂ ಮೇಲೆ ಹತ್ತಿದೆ. ನಮ್ಮ ಬೀದಿಯ ಹೆಂಗಸರು ನಾಲ್ಕೈದು ಮಂದಿ ಮೊದಲ ದಿನವೇ ನನ್ನ ಜೊತೆ ಸೇರಿಕೊಂಡರು. ಟೀಚರ್ ಚಾಪೆಗಳನ್ನು ಚೆಂದವಾಗಿ ಹಾಸಿ, ಕನ್ನಡಿಯ ಮುಂದೆ ನಿಂತು, "ಕಾಲು ಕನ್ನಡಿ ಕಡೆ ಮಾಡಿ ಮಲ್ಕೋರಿ ಅಕ್ಕಾರ," ಎಂದಳು. ನಾವು ಮಲಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕನ್ನಡಿ ಇದ್ದದ್ದು ದಕ್ಷಿಣದ ಗೋಡೆಗೆ. ಹಾಗೆ ಮಲಗಿದರೆ ತಲೆ ಉತ್ತರಕ್ಕೆ ಬರುತ್ತದೆ! ಎಲ್ಲರೂ ಒಟ್ಟಿಗೆ ತಿರುಗಿ ಮಲಗಿದೆವು. ಈಗ ಟೀಚರಿಗೆ ಕಂಡದ್ದು ನಮ್ಮ ನೆತ್ತಿಗಳು, ನಮಗೆ ಕಂಡದ್ದು ಬರೀ ಗೋಡೆ.

"ಯಾಕ್ರೀ, ಏನಾತು?" ಎಂದು ಪಾಪ ಅವಳು ಈ ಕಡೆಗೆ ಓಡಿಬಂದಳು. ವಿಷಯ ತಿಳಿದ ಮೇಲೆ ನೆಲದ ಮೇಲೆ ಕೂತು ನಕ್ಕಳು. ಕನ್ನಡಿಯನ್ನೇ ಎದುರು ಗೋಡೆಗೆ ಹಾಕಿಸುತ್ತೇನೆ ಎಂದಳು. ಮೊಳೆ ಹೊಡೆಯಲು ಮಾಲೀಕಳ ಅಪ್ಪಣೆ ಬೇಕಲ್ಲ, ಮಲಗಿದಲ್ಲೇ ಕೊಟ್ಟೆ.

"ಉಸಿರು ಬಿಟ್ಟಕೋತ ಹೊಕ್ಕಳಾ ಬೆನ್ನಿನ ಕಡೆ ಎಳ್ಕೋರಿ," ಎನ್ನುತ್ತಿದ್ದಳು. ನನ್ನ ಹೊಕ್ಕಳಿಗೂ ಬೆನ್ನಿಗೂ ನಡುವೆ ಅದೆಷ್ಟು ವರ್ಷಗಳ ಬಾಡೂಟ ಕೂತಿತ್ತೋ! ಆದರೂ ಎಳೆದೆ. ಮಂಡಿ ಮಡಿಸಿ ಸೊಂಟ ಎತ್ತಿದೆ. ನೋವು ಬಂದಲ್ಲಿ ನಿಲ್ಲಿಸುತ್ತಿದ್ದಳು, ಸೋಮಾರಿತನ ಬಂದಲ್ಲಿ ಬಿಡುತ್ತಿರಲಿಲ್ಲ. ಕ್ಲಾಸು ಮುಗಿಸಿ ಇಳಿದು ಬಂದಾಗಲೆಲ್ಲ ಅತ್ತೆ ಕುರ್ಚಿಯಿಂದಲೇ ಕೇಳುತ್ತಿದ್ದರು: "ತಲೆ ಯಾವ್ ಕಡೀಕ್ ಆಕಿದ್ದೆ?" ಉತ್ತರಕ್ಕಲ್ಲ ಎಂದು ಖಾತ್ರಿಯಾದ ಮೇಲೆಯೇ ಅವರು ಕಾಫಿ ಕುಡಿಯುವುದು.

ಹಬ್ಬ ಬಂತು. ಕೂತೆ. ಕವೆಗೋಲು ಒತ್ತಿದೆ. ಉಸಿರು ಬಿಡುತ್ತಾ ಹಿಟ್ಟು ತಿರುವಿದೆ, ಒಂದು ಗಂಟೂ ಉಳಿಯಲಿಲ್ಲ. ಮುದ್ದೆ ಕಟ್ಟಿಟ್ಟು ತಲೆಯೆತ್ತಿದರೆ ಗಂಡ, ಮೈದುನ ಇಬ್ಬರೂ ಕೈ ಚಾಚಿ ತಯಾರಾಗಿ ನಿಂತಿದ್ದಾರೆ. "ಸುಮ್ನೆ ಅತ್ಲಾಗ್ ಹೋಗ್ರೀ," ಎಂದೆ. ಪಕ್ಕಕ್ಕೆ ವಾಲಿ, ಅಂಗೈ ಊರಿ, ಒಂದು ಪಾದ ಮುಂದಿಟ್ಟು, ಹೊಕ್ಕಳು ಎಳೆದು ಎದ್ದೆ. ಒಬ್ಬಳೇ ಎದ್ದೆ! ಕುಣಿಯಬೇಕು ಅನ್ನಿಸಿತು. ಎಡೆಯ ಮುಂದೆ ಕುಣಿದರೆ ಹಿರಿಯರು ಏನಂದುಕೊಂಡಾರು ಎಂದು ಸುಮ್ಮನಾದೆ.

ಅತ್ತೆ ಕುರ್ಚಿಯಿಂದಲೇ ಎಲ್ಲ ನೋಡುತ್ತಿದ್ದರು. ಎಷ್ಟೋ ವರ್ಷದಿಂದ ಆ ಕುರ್ಚಿ ಬಿಟ್ಟು ನೆಲಕ್ಕೆ ಕೂತವರಲ್ಲ ಅವರು. ಊಟವಾದ ಮೇಲೆ ನನ್ನ ಸೆರಗು ಹಿಡಿದು ಹತ್ತಿರ ಎಳೆದುಕೊಂಡರು.

"ನಾಳೀಕ್ ನನ್ನೂ ಮ್ಯಾಲಕ್ಕೆ ಕರ್ಕೊಂಡೋಗವ್ವ," ಎಂದರು, ಯಾರಿಗೂ ಕೇಳಿಸದ ಹಾಗೆ. "ತಲೆ ಯಾವ್ ಕಡೀಕಿದ್ರೂ ಆಯ್ತದೆ."